ರೋಮನ್ ಹರಕೆ ಕಲ್ಲನ್ನು ಕೊನೆಯ ಸಾಲಿನಿಂದ ಓದಿದ್ದು

ಸವೆದ ಕಲ್ಲನ್ನು, ಅಕ್ಷರ ಎದ್ದು ಕಾಣೋ ಹಾಗೆ ಹಿಟ್ಟು ಹಚ್ಚದೆ ಓದಕ್ಕಾಗಲ್ಲ ಎಂದು ನಮ್ಮ ಶಾಸನ ಬಳಗದವರೇ ಹೇಳಿದ್ದರು. ಇಂಗ್ಲೆಂಡಿನ ಉತ್ತರದಲ್ಲಿ, ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಆಸುಪಾಸಿನ ರೋಮನ್ ಹರಕೆ ಕಲ್ಲುಗಳಿಗೆ ಮೈದಾ ಹಚ್ಚುವುದಿರಲಿ, ಮುಟ್ಟಲೂ ಬಿಡುವುದಿಲ್ಲ. ಕೊನೆಗೆ ಬರೀ ಟಾರ್ಚಿನಲ್ಲೇ ಓದಿದೆ.

ನಾನು ಶುರು ಮಾಡುವುದು ಕೊನೆಯ ಸಾಲಿನಿಂದ. ಅಲ್ಲಿ ಸಾಮಾನ್ಯವಾಗಿ ವಿ, ಎಸ್, ಎಲ್, ಎಂ ಎಂಬ ನಾಲ್ಕು ಅಕ್ಷರ ಇರುತ್ತವೆ. ಲ್ಯಾಟಿನ್ನಿನಲ್ಲಿ ಬಿಡಿಸಿದರೆ ವೋಟುಮ್ ಸೋಲ್ವಿಟ್ ಲಿಬೆನ್ಸ್ ಮೆರಿಟೊ. ಹರಕೆ ತೀರಿಸಿದ್ದಾನೆ, ಮನಸಾರೆ, ದೇವರಿಗೆ ಸಲ್ಲಬೇಕಾದ ಹಾಗೆ. ಆ ‘ಮನಸಾರೆ’ಯೇ ಲಿಬೆನ್ಸ್. ಕೆಲವರು ಇನ್ನೊಂದು ಎಲ್ ಸೇರಿಸುತ್ತಾರೆ, ಲೈಟುಸ್, ಖುಷಿಯಿಂದ ಅಂತ. ನಮ್ಮಲ್ಲಿ ದಾನಶಾಸನದ ಕೊನೆಯ ಶಾಪದ ಶ್ಲೋಕದಲ್ಲಿ ‘ಸ್ವದತ್ತಾಂ’ ಕಂಡ ಕೂಡಲೇ ಮುಂದಿನದು ಬಾಯಿಗೆ ಬರುತ್ತದಲ್ವಾ, ಹಾಗೆ. ಈ ನಾಲ್ಕು ಸಿಕ್ಕರೆ ಕಲ್ಲುಕುಟಿಗನ ಕೈ ಗೊತ್ತಾಗುತ್ತದೆ. ಅದರ ಮೇಲೆ ಹರಕೆ ಹೊತ್ತವನ ಹೆಸರು, ಹುದ್ದೆ, ಪಡೆ. ಕಲ್ಲಿನ ತಲೆಯಲ್ಲಿ ದೇವರು, ಜೂಪಿಟರ್ ಆದರೆ ಐ, ಒ, ಎಂ, ಅಂದರೆ ‘ಅತ್ಯುತ್ತಮ, ಅತಿ ಹಿರಿಯ ಜೂಪಿಟರಿಗೆ’.

ನಾನು ಓದಿದ ಕಲ್ಲಿನಲ್ಲಿ ಸತಾಯಿಸಿದ್ದು ಲಿಬೆನ್ಸಿನ ಎಲ್. ಎಡಗಡೆಯಿಂದ ಬೆಳಕು ಬಿಟ್ಟರೆ ಬರೀ ಐ ಥರ ಕಾಣುತ್ತಿತ್ತು. ಅಡಿಯ ಗೀರು ಬೆಳಕಿನ ದಿಕ್ಕಿಗೇ ಮಲಗಿರುತ್ತದೆ, ನೆರಳು ಬೀಳುವುದಿಲ್ಲ. ಟಾರ್ಚನ್ನು ಮೇಲಿನಿಂದ ಕಲ್ಲಿಗೆ ಒರಗಿದಂತೆ ಇಳಿಬಿಟ್ಟೆ. ಎಲ್‌ಗೆ ಕಾಲು ಬಂತು.

ದುಡ್ಡು ಹೋಗಿದ್ದು ಬೇರೆ ಕಡೆ. ವಿಡಿಯೋ ಲೈಟಿಗೆ ಸುಮಾರು 120 ಪೌಂಡ್ ಕೊಟ್ಟೆ. ಬೆಳಕು ಅಗಲಕ್ಕೆ ಹರಡಿ ನೆರಳನ್ನೇ ತಿಂದುಹಾಕಿತು. ಫೋನಿನ ಫ್ಲ್ಯಾಶ್ ಅಂತೂ ಕಲ್ಲನ್ನು ಚಪ್ಪಟೆ ಮಾಡಿಬಿಡುತ್ತದೆ. ಕೆಲಸಕ್ಕೆ ಬಂದದ್ದು 15 ಪೌಂಡಿನ ಸೈಕಲ್ ಟಾರ್ಚ್. ಮಧ್ಯದಲ್ಲಿ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್) ಎಂಬ ಫೋಟೊ ವಿಧಾನವನ್ನೂ ನೋಡಿದೆ. ಪಕ್ಕದಲ್ಲಿ ಸ್ನೂಕರಿನ ಕಪ್ಪು ಚೆಂಡು ಇಟ್ಟು, ಬೆಳಕನ್ನು ಸುತ್ತ ತಿರುಗಿಸುತ್ತ ಐವತ್ತರಷ್ಟು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುವುದು. ಚಿತ್ರ ಚೆನ್ನಾಗಿ ಬಂತು, ಆದರೆ ಟಾರ್ಚಿಗೆ ಕಾಣದ ಒಂದು ಅಕ್ಷರವೂ ಹೊಸದಾಗಿ ಸಿಗಲಿಲ್ಲ.

ಓದಿದ್ದನ್ನು ಬರೆದಿಟ್ಟ ಮೇಲೆಯೇ ಬ್ರಿಟನ್ನಿನ ರೋಮನ್ ಶಾಸನಗಳ ಪಾಠ ಇರುವ, ಕಾಲಿಂಗ್‌ವುಡ್ ಮತ್ತು ರೈಟ್ ಅವರ 1965ರ ಸಂಪುಟ ತೆರೆದೆ. ಹೆಸರಿನ ಸಾಲಿನ ಒಂದೆರಡು ಅಕ್ಷರ ಬಿಟ್ಟರೆ ಎಲ್ಲ ತಾಳೆಯಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಬಳಗಕ್ಕೆ ಕಳಿಸಿದೆ. ಹಿಟ್ಟಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಹಗಲು ಹೊತ್ತಿನಲ್ಲಿ ಸುತ್ತಲಿನ ಬೆಳಕನ್ನು ಹೇಗೆ ತಡೆದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಊರಿಗೆ ಬಂದಾಗ ಅದೇ ಟಾರ್ಚಿನಲ್ಲಿ ಒಂದು ದಾನಶಾಸನವನ್ನೂ ಕೊನೆಯ ಶಾಪಾಶಯದಿಂದ (ದಾನ ಕೆಡಿಸಿದವರಿಗೆ ಹಾಕುವ ಶಾಪದ ಭಾಗದಿಂದ) ಮೇಲಕ್ಕೆ ಓದುತ್ತಾ ಹೋದೆ. ನಮ್ಮ ದುಂಡು ಅಕ್ಷರಕ್ಕೆ ಎರಡು ಕಡೆಯ ಬೆಳಕು ಸಾಲದು. ನಾಲ್ಕೂ ಕಡೆಯಿಂದ ಬಿಡಬೇಕು, ಹೊತ್ತೂ ಜಾಸ್ತಿ ಹಿಡಿಯುತ್ತದೆ.