ಗಾಳದ ಕೋಲಿಗೆ ಕಾರ್ಕ್ ಹಿಡಿ: ನಾನು ಮಾಡುವ ಬಗೆ

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದರೆ ಕಾವೇರಿಯಲ್ಲಿ ಗಾಳ ಹಾಕುವ ಮಾತಿಲ್ಲ. ಕೋಲು ಕಟ್ಟುವ ಕೆಲಸವನ್ನು ನಾನು ಆ ದಿನಗಳಿಗೇ ಇಟ್ಟುಕೊಂಡಿದ್ದೇನೆ. ನೋಡುವವರು ಮೆಚ್ಚುವುದು ಹಿಡಿಯ ಹೊರರೂಪವನ್ನಾದರೂ, ಅದರ ಬಾಳಿಕೆ ನಿಂತಿರುವುದು ಹಿಡಿಯಾಗಿ ಜೋಡಿಸುವ ಕಾರ್ಕ್ ಬಿಲ್ಲೆಗಳ ನಡುವಿನ ಅಂಟಿನಲ್ಲಿ ಮತ್ತು ಒಳಗಿನ ರಂಧ್ರದಲ್ಲಿ ಎಂಬುದು ನನ್ನ ಅಭಿಪ್ರಾಯ.

ಕಾರ್ಕ್ ಎಂಬುದು ಪೋರ್ಚುಗಲ್, ಸ್ಪೇನ್ ಕಡೆಯ ಒಂದು ಜಾತಿಯ ಓಕ್ ಮರದ ತೊಗಟೆ. ಮರವನ್ನು ಕಡಿಯದೆ ಸುಮಾರು 9 ವರ್ಷಕ್ಕೊಮ್ಮೆ ಸುಲಿಯುತ್ತಾರೆ. ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ಆ ಜಾತಿಗೆ ಸೇರಿದ್ದಲ್ಲ. ನಾನು ತರಿಸುವ ಬಿಲ್ಲೆಗಳು 32 ಮಿ.ಮೀ. ಅಗಲ, 12.7 ಮಿ.ಮೀ. ದಪ್ಪ ಇರುತ್ತವೆ, ನಡುವೆ 6 ಮಿ.ಮೀ.ಗಿಂತ ತುಸು ದೊಡ್ಡ ತೂತು. ಇಂಥ 16 ಬಿಲ್ಲೆ ಜೋಡಿಸಿದರೆ ಸುಮಾರು 20 ಸೆಂ.ಮೀ. ಉದ್ದದ ಹಿಂಭಾಗದ ಹಿಡಿಯಾಗುತ್ತದೆ. ಕುಳಿ ಕಡಿಮೆ ಇರುವವನ್ನು ಅಂಗೈ ಕೂರುವಲ್ಲಿಗೆ ಆರಿಸಿ, ಬೇಗ ಚೂರೇಳುವ ಎರಡು ತುದಿಗಳಿಗೆ ಕಾರ್ಕ್ ಹರಳುಗಳನ್ನು ಒತ್ತಿ ಮಾಡಿದ ಗಟ್ಟಿ ಬಿಲ್ಲೆ ಹಾಕುತ್ತೇನೆ.

ಮೊದಲು ಅಂಟಿಲ್ಲದೆ ಜೋಡಿಸಿ, ಬೆಳಕಿಗೆ ಹಿಡಿದು, ಸಂದು ಕಾಣದಂತಾಗುವವರೆಗೆ ಒಂದೊಂದು ಬಿಲ್ಲೆಯನ್ನೂ ತಿರುಗಿಸಿ ನೋಡಬೇಕು. ಮಳೆಗಾಲದ ತೇವದಲ್ಲಿ ನೀರು ಬೆರೆತ ಮರದ ಗೋಂದು ತೀರ ತಡವಾಗಿ ಒಣಗುವುದರಿಂದ ನಾನು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನೇ ತೆಳುವಾಗಿ ಸವರಿ, ಮೇಣದಬತ್ತಿ ಉಜ್ಜಿದ 6 ಮಿ.ಮೀ. ಥ್ರೆಡ್ ರಾಡಿಗೆ ಬಿಲ್ಲೆಗಳನ್ನು ಪೋಣಿಸಿ, ಎರಡು ಕಡೆ ಅಗಲ ವಾಷರ್ ಇಟ್ಟು ನಟ್ ಬಿಗಿಯುತ್ತೇನೆ. ಸಂದುಗಳಲ್ಲಿ ಅಂಟಿನ ಸಣ್ಣ ಗೆರೆ ಉಕ್ಕಿದೊಡನೆ ನಿಲ್ಲಿಸಬೇಕು. ಇನ್ನೂ ಬಿಗಿದರೆ ಅಂಟೆಲ್ಲ ಹೊರಬಂದು ಕಾರ್ಕ್ ಅಮುಕಿಹೋಗುತ್ತದೆ. ಆಮೇಲೆ 24 ಗಂಟೆ ಅದನ್ನು ಮುಟ್ಟುವುದಿಲ್ಲ.

ಲೇತ್ ಇಲ್ಲದ ಮನೆಯಲ್ಲಿ ಮೇಜಿಗೆ ಬಿಗಿದ ಡ್ರಿಲ್ ಸಾಕು. ರಾಡಿನ ಒಂದು ತುದಿಯನ್ನು ಅದಕ್ಕೆ ಕಚ್ಚಿಸಿ, ಇನ್ನೊಂದನ್ನು ತೂತು ಕೊರೆದ ಮರದ ತುಂಡಿನಲ್ಲಿ ಕೂರಿಸಿ, ನಿಧಾನ ವೇಗದಲ್ಲಿ ತಿರುಗಿಸುತ್ತೇನೆ. ಇಲ್ಲಿ ಬಹಳ ಗಮನಿಸಬೇಕಾದ ಸಂಗತಿಯೊಂದಿದೆ: ಕಾರ್ಕ್ ಮೆದು, ಎಪಾಕ್ಸಿ ಗಟ್ಟಿ. ಸ್ಯಾಂಡ್ ಪೇಪರನ್ನು ಬೆರಳಿನಿಂದ ಒತ್ತಿ ಹಿಡಿದರೆ ಕಾರ್ಕ್ ಮಾತ್ರ ಸವೆದು ಅಂಟಿನ ಗೆರೆಗಳು ಬಳೆಗಳಂತೆ ಎದ್ದು ನಿಲ್ಲುತ್ತವೆ. ಆದ್ದರಿಂದ ಕಾಗದದ ಹಿಂದೆ ಮರದ ಪಟ್ಟಿ ಇರಲೇಬೇಕು, ಬಾಗು ಇರುವಲ್ಲಿ ದುಂಡು ಕೋಲು. 80ರ ಒರಟು ಕಾಗದದಿಂದ ಆಕಾರ ತಂದು, ಅರ್ಧ ಮಿ.ಮೀ. ಉಳಿಸಿ, ಕ್ರಮವಾಗಿ ನಯವಾಗುವ 120, 220, 320ರಲ್ಲಿ ಮುಗಿಸುತ್ತೇನೆ. ಅಂಗೈ ಕೂರುವಲ್ಲಿ 26 ಮಿ.ಮೀ. ನನ್ನ ಕೈಗೆ ಹಿತ. ದೂಳು ಬಹಳ ನಯವಾದುದರಿಂದ ಮೂಗಿಗೆ ಮಾಸ್ಕ್ ಬೇಕು.

ಕೆಲವರು ಹಿಡಿಯನ್ನು ಕೋಲಿಗೆ ಅಂಟಿಸಿದ ಮೇಲೆ ಉಜ್ಜುತ್ತಾರೆ. ಕೈ ಜಾರಿದರೆ ಕೋಲಿಗೇ ಗೀರು ಬೀಳುವುದರಿಂದ ನನಗದು ಒಪ್ಪಿಗೆಯಿಲ್ಲ. ಕೋಲು ತುದಿಯತ್ತ ಸಪೂರವಾಗುವುದರಿಂದ ರಂಧ್ರವೂ ಬುಡದ ಕಡೆ ಅಗಲವಾಗಿರಬೇಕು. ಮುರಿದ ಹಳೆಯ ಕೋಲಿನ ತುಂಡಿಗೆ 80ರ ಕಾಗದದ ಪಟ್ಟಿಯನ್ನು ಸುರುಳಿಯಾಗಿ ಅಂಟಿಸಿ, ಕೈಯಿಂದಲೇ ತಿರುಗಿಸುತ್ತ, ಮತ್ತೆ ಮತ್ತೆ ಕೋಲಿನ ತುದಿಯಿಂದ ಹಿಡಿಯನ್ನು ಇಳಿಸಿ ನೋಡುತ್ತೇನೆ. ಬಲವಂತಪಡಿಸಿದರೆ ಸಂದು ಸೀಳುತ್ತದೆ, ಸಡಿಲವಾದರೆ ಹಿಡಿ ನಡುತಪ್ಪಿ ಕೂರುತ್ತದೆ. ಸರಿಹೊಂದಿದ ಮೇಲೆ ಕೋಲಿನ ಹೊಳಪನ್ನು ಅಲ್ಲಿಯಷ್ಟೇ ಉಜ್ಜಿ ತೆಗೆದು, ಎಪಾಕ್ಸಿ ಹಚ್ಚಿ, ತಿರುಗಿಸುತ್ತಾ ಇಳಿಸುತ್ತೇನೆ.

ಉಳಿದ ಕುಳಿಗಳಿಗೆ ಕಾರ್ಕ್ ಪುಡಿಯನ್ನು ಗೋಂದಿನಲ್ಲಿ ಕಲಸಿ ತುಂಬುತ್ತೇನೆ. ಗೋಂದು ಹೆಚ್ಚಾದರೆ ಕಪ್ಪು ಕಲೆ ಉಳಿಯುತ್ತದೆ. ವಾರ್ನಿಷ್ ಹಚ್ಚುವುದಿಲ್ಲ, ಒದ್ದೆ ಕೈಗೆ ಅದು ಜಾರುತ್ತದೆ. ಕೊಳೆಯಾದಾಗ ಸೋಪಿನ ನೀರಿನಲ್ಲಿ ಒರೆಸಿದರಾಯಿತು.