33 ಸೆಂಟಿಮೀಟರ್ ನೂಲಿನ ಹಾದಿ

ಅಕ್ಕನ ಟಿಕೆಟ್ ಬಂದ ದಿನ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊಂದಲ. ಜನವರಿಯ ಒಂದು ಶನಿವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಡುವ ವಿಮಾನ ಅದೇ ಶನಿವಾರ ಸಂಜೆ 5ಕ್ಕೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತದೆ ಎಂದಿತ್ತು. “ಮೂರೇ ಗಂಟೆಯೇನೋ? ನಮಗೆ ಶಿವಮೊಗ್ಗಕ್ಕೆ ಹೋಗಿ ಬರಲು ಅಷ್ಟು ಬೇಕು” ಎಂದಳು ಅಕ್ಕ. ಅಮೆರಿಕದಲ್ಲಿರುವ ಮಗನ ಮನೆಗೆ ಅವಳು ಒಬ್ಬಳೇ ಹೊರಟಿದ್ದಳು. ಹಾದಿಯ ಲೆಕ್ಕ ಗೊತ್ತಿದ್ದರೆ ಅವಳ ಭಯ ಅರ್ಧ ಇಳಿಯುತ್ತದೆ ಎಂದು ನನಗೆ ಅನ್ನಿಸಿತು. ಮೂವತ್ತು ವರ್ಷ ಗಣಿತ ಕಲಿಸಿದವನು ನಾನು.

ಮೊದಲು ಗೋಡೆಯ ನಕ್ಷೆಯ ಮೇಲೆ ಅಡಿಕೋಲಿಟ್ಟೆ. ಗೆರೆ ಅರೇಬಿಯಾ, ಆಫ್ರಿಕ, ಅಟ್ಲಾಂಟಿಕ್ ದಾಟಿ ಹೋಯಿತು. ಅದು ತಪ್ಪು ದಾರಿ. ಉರುಟಾದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಹಿಗ್ಗಿಸಿದಾಗ ಹತ್ತಿರದ್ದು ದೂರವಾಗಿ ಕಾಣುತ್ತದೆ. ಅಟ್ಟದಿಂದ ಹಳೆಯ ಗ್ಲೋಬ್ ಇಳಿಸಿ, ಹೂ ಕಟ್ಟುವ ನೂಲನ್ನು ಸಮಭಾಜಕ ವೃತ್ತದ ಸುತ್ತ ಹಿಡಿದೆ. 94 ಸೆಂಟಿಮೀಟರ್ ಬಂತು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್, ಹಾಗಾಗಿ ಒಂದು ಸೆಂಟಿಮೀಟರಿಗೆ 425. ಆಮೇಲೆ ಎರಡೂ ಊರುಗಳ ನಡುವೆ ಅದೇ ನೂಲನ್ನು ಬಿಗಿಯಾಗಿ ಎಳೆದೆ. ನೂಲು ತಾನಾಗಿ ಉತ್ತರಕ್ಕೆ ಜಾರಿ ಟಿಬೆಟ್, ಸೈಬೀರಿಯಾ, ಅಲಾಸ್ಕಗಳ ಮೇಲೆ ಕೂತಿತು! ಅಳೆದರೆ 33 ಸೆಂಟಿಮೀಟರ್, ಅಂದರೆ ಸುಮಾರು 14,000 ಕಿಲೋಮೀಟರ್. ಅಕ್ಷಾಂಶ ರೇಖಾಂಶ ಹಿಡಿದು ತ್ರಿಕೋನಮಿತಿಯಿಂದ ಲೆಕ್ಕ ಹಾಕಿದಾಗಲೂ 13,990ರ ಆಸುಪಾಸು ಬಂತು. ಆ ಸಂಜೆಯ ಸಂತೋಷ ನನಗೆ ಇನ್ನೂ ಹಸಿಯಾಗಿದೆ.

ಗಂಟೆಗೆ 900 ಕಿಲೋಮೀಟರ್ ವೇಗವೆಂದರೆ ಹದಿನೈದೂವರೆ ಗಂಟೆ. ಆದರೆ ವಿಮಾನ ನೂಲಿನಂತೆ ನೇರ ಹೋಗುವುದಿಲ್ಲ. ಟಿಬೆಟ್ಟಿನ ಎತ್ತರದ ನೆಲದ ಮೇಲೆ, ಒಳಗಿನ ಗಾಳಿಯ ಒತ್ತಡ ಕುಸಿದರೆ ಬೇಗ ಕೆಳಗಿಳಿಯಲು ಜಾಗವಿರುವುದಿಲ್ಲ. ಅದಕ್ಕೆ ಸುತ್ತಿ ಹೋಗುತ್ತಾರೆ. ಮೇಲಿನ ಪಶ್ಚಿಮದ ಗಾಳಿ ಪೂರ್ವಕ್ಕೆ ಹಾರುವಾಗ ಬೆನ್ನು ತಳ್ಳುತ್ತದೆ, ಮರಳುವಾಗ ಎದುರು ನಿಲ್ಲುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಹಾರಿ ಬರಲು ಸುಮಾರು 17 ಗಂಟೆ ಹಿಡಿದಿತ್ತು.

ಇನ್ನು ಟಿಕೆಟ್ಟಿನ ಮೂರು ಗಂಟೆ. ಅದರಲ್ಲಿ ಹೊರಡುವ ಸಮಯ ನಮ್ಮ ಗಡಿಯಾರದ್ದು, ಇಳಿಯುವ ಸಮಯ ಅಲ್ಲಿಯದು. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರ ಮುಂದಿಡುವುದರಿಂದ ಹನ್ನೆರಡೂವರೆ. ಮೂರಕ್ಕೆ ಹದಿಮೂರೂವರೆ ಕೂಡಿಸಿದರೆ ಹದಿನಾರೂವರೆ. ಅಕ್ಕನ ಮುಖ ಅರಳಿತು, ಆಮೇಲೆ ಸ್ವಲ್ಪ ಗಂಭೀರವಾಯಿತು.

ನಾನು ಬಹಳ ಒತ್ತಿ ಹೇಳಿದ್ದು ಮಾತ್ರ ನೆಲದ ಹಾದಿಯ ಬಗ್ಗೆ. ಶುಕ್ರವಾರ ರಾತ್ರಿ ಎಂಟಕ್ಕೇ ಅವಳನ್ನು ಹೊರಡಿಸಿದೆ. ಮಂಡಗದ್ದೆ ದಾಟಿ ಶಿವಮೊಗ್ಗ, ಅಲ್ಲಿಂದ ರಾತ್ರಿ ಬಸ್ಸು. ಇಷ್ಟು ಬೇಗ ಯಾಕೆ ಎಂದು ಮನೆಯವರು ಆಡಿಕೊಂಡರು. ದಾರಿಯಲ್ಲಿ ಬಸ್ಸಿನ ಟೈರು ಒಡೆದು ಎರಡು ಗಂಟೆ ಹೋಯಿತು. ಆದರೂ ಅಕ್ಕ ಹತ್ತಕ್ಕೆ ಮೊದಲೇ ವಿಮಾನ ನಿಲ್ದಾಣದಲ್ಲಿದ್ದಳು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು. “ಈಗ ಮನೆ ಮುಟ್ಟಿದೆ. ಇಲ್ಲಿ ಇನ್ನೂ ಶನಿವಾರ ರಾತ್ರಿ ಏಳೂವರೆ ಕಣೋ” ಎಂದಳು. ಫೋನ್ ಇಟ್ಟು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ: ಮನೆಯಿಂದ ಮನೆಗೆ 37 ಗಂಟೆ, ಅದರಲ್ಲಿ ಆಕಾಶದಲ್ಲಿದ್ದದ್ದು ಹದಿನಾರೂವರೆ.