ಗೊರಕೆ ಕೇಳಿದವರೇ ಸಾಕ್ಷಿ

ನನ್ನ ಗೊರಕೆಯನ್ನು ನಾನು ಕೇಳಿದವನಲ್ಲ. ಕೇಳಿದವರು ಇಬ್ಬರು: ಅಮೆರಿಕ ಸೇನೆಯ ಬ್ಯಾರಕ್‌ನಲ್ಲಿ ಪಕ್ಕದ ಮಂಚದ ಗೆಳೆಯ, ಮದುವೆಯಾದ ಮೇಲೆ ನನ್ನ ಹೆಂಡತಿ. ಸೇನೆಯಲ್ಲಿದ್ದಾಗ ಶುರುವಾದ ಕಾಯಿಲೆಗೆ ಪರಿಹಾರ ಕೇಳಿ ಹಾಕಿದ ನನ್ನ ಅರ್ಜಿ ಕೊನೆಗೆ ನಿಂತದ್ದು ಅವರ ಮಾತಿನ ಮೇಲೆ.

ಅಪ್ಪ ಅಮ್ಮನ ಜೊತೆ ಹಾಸನದಿಂದ ಬಂದ ನಾನು ಗ್ರೀನ್ ಕಾರ್ಡ್ ಇದ್ದಾಗಲೇ ಸೇನೆ ಸೇರಿ ಆರು ವರ್ಷ ಇದ್ದೆ. ಬೆಳಿಗ್ಗೆ ಎದ್ದರೆ ತಲೆನೋವು, ಮಧ್ಯಾಹ್ನ ತೂಕಡಿಕೆ. ದಣಿವು ಅಂದುಕೊಂಡು ಸುಮ್ಮನಾದೆ. ಬಿಡುಗಡೆಯಾಗಿ ಎರಡು ವರ್ಷದ ಮೇಲೆ ಒಂದು ರಾತ್ರಿ ಹೆಂಡತಿ ಅಲುಗಾಡಿಸಿ ಎಬ್ಬಿಸಿದಳು: "ರೀ, ನಿದ್ದೇಲಿ ನಿಮ್ಮ ಉಸಿರೇ ನಿಂತ್ಹೋಗುತ್ತೆ." ನಿದ್ರೆ ಪರೀಕ್ಷೆಯಲ್ಲಿ ಗಂಟೆಗೆ 34 ಸಲ ಉಸಿರು ತಡೆಯುತ್ತಿದೆ ಎಂದು ಬಂತು. 30 ಮುಟ್ಟಿದರೇ ತೀವ್ರ. ನಿದ್ದೆಯಲ್ಲಿ ಉಸಿರು ನಿಲ್ಲುವ ಈ ರೋಗದ ಹೆಸರು ಸ್ಲೀಪ್ ಆಪ್ನಿಯಾ. ಮಲಗಿದಾಗ ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಮನೆಗೆ ಬಂತು.

ಮಾಜಿ ಸೈನಿಕರಿಗೆ ಪರಿಹಾರ ಕೊಡುವ ವೆಟರನ್ಸ್ ಅಫೇರ್ಸ್ ಇಲಾಖೆಯ ನಿಯಮದಲ್ಲಿ ಹಗಲಿಡೀ ಕಾಡುವ ತೂಕಡಿಕೆಗೆ ಶೇ. 30 ಅಂಗವೈಕಲ್ಯ, ಸಿಪ್ಯಾಪ್ ಅಗತ್ಯವಿದ್ದರೆ ಶೇ. 50 ಅಂತಿತ್ತು. ಪರೀಕ್ಷೆಯ ವರದಿ, ಯಂತ್ರದ ಚೀಟಿ ಎರಡೇ ಲಗತ್ತಿಸಿ ಅರ್ಜಿ ಹಾಕಿದೆ. ತಿರಸ್ಕಾರವಾಯಿತು. ರೋಗ ಇದೆ, ಸರಿ. ಅದು ಸೇವೆಯಲ್ಲೇ ಶುರುವಾಯಿತು ಅನ್ನಲು ನಾನು ಏನೂ ಕೊಟ್ಟಿರಲಿಲ್ಲ. ಸೇವಾಕಾಲದ ದಾಖಲೆಯಲ್ಲಿ ಎರಡು ಸಲ ತಲೆನೋವು ಎಂದು ಬರೆಸಿದ್ದೆ, ನಿದ್ರೆಯ ಬಗ್ಗೆ ಒಂದಕ್ಷರವಿಲ್ಲ.

ಮಾಜಿ ಸೈನಿಕರ ಸಂಘವೊಂದರ ಮಾನ್ಯತೆ ಪಡೆದ ಪ್ರತಿನಿಧಿ ದಾರಿ ತೋರಿಸಿದರು: ಗೊರಕೆ ಕೇಳಿದವರಿಂದ ಸಾಕ್ಷಿ ಹೇಳಿಕೆ ಬರೆಸಬೇಕು. ಅವರು ಒಂದು ಡಾಲರ್ ಕೂಡ ತೆಗೆದುಕೊಳ್ಳಲಿಲ್ಲ. ಇದೇ ಕೆಲಸಕ್ಕೆ ಸಾವಿರಾರು ಡಾಲರ್ ಕೇಳುವವರೂ ಇದ್ದಾರೆ, ದಯವಿಟ್ಟು ಅವರ ಹತ್ತಿರ ಹೋಗಬೇಡಿ.

ಗೆಳೆಯ ಮೊದಲು ಬರೆದದ್ದು "ಇವನು ಒಳ್ಳೆಯ ಸೈನಿಕ, ಸ್ಲೀಪ್ ಆಪ್ನಿಯಾದಿಂದ ನರಳುತ್ತಿದ್ದ" ಅಂತ. ಪ್ರೀತಿಯಿಂದ ಬರೆದಿದ್ದ, ಆದರೆ ಅದರಿಂದ ಕೆಲಸವಾಗುತ್ತಿರಲಿಲ್ಲ. ರೋಗದ ಹೆಸರು ಹೇಳಬೇಕಾದವರು ವೈದ್ಯರು. ಗೆಳೆಯ ಹೇಳಬೇಕಾದದ್ದು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಯಾವ ವರ್ಷ, ಯಾವ ಬ್ಯಾರಕ್, ವಾರಕ್ಕೆ ಎಷ್ಟು ರಾತ್ರಿ, ಗೊರಕೆ ತಟ್ಟನೆ ನಿಂತು ಆಮೇಲೆ ಏದುಸಿರು ಹೇಗೆ ಬರುತ್ತಿತ್ತು ಎಂದು ನೆನಪಿದ್ದಷ್ಟನ್ನೇ ಸಾಕ್ಷಿ ಹೇಳಿಕೆಯ 21-10210 ನಮೂನೆಯಲ್ಲಿ ಮತ್ತೆ ಬರೆದ. ನಾನು ಒಂದು ವಾಕ್ಯವನ್ನೂ ಹೇಳಿಕೊಡಲಿಲ್ಲ. ಸೇನೆ ಬಿಟ್ಟ ನಂತರದ ವರ್ಷಗಳನ್ನು ಹೆಂಡತಿ ಬರೆದಳು. ನಡುವೆ ಕಂದಕ ಉಳಿಯಲಿಲ್ಲ.

ಎರಡೂ ಹೇಳಿಕೆ, ಆ ತಲೆನೋವಿನ ದಾಖಲೆ ಓದಿ ನಿದ್ರಾತಜ್ಞರು ಅಭಿಪ್ರಾಯ ಕೊಟ್ಟರು: ರೋಗ ಸೇವೆಯಲ್ಲಿ ಶುರುವಾಗಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ. ಯಾಕೆ ಎಂಬುದನ್ನು ಒಂದು ಪುಟ ವಿವರಿಸಿದ್ದರು. ಕಾರಣವಿಲ್ಲದ ಒಂದು ಸಾಲಿನ ಪತ್ರಕ್ಕೆ ತೂಕವಿಲ್ಲ.

ತಿರಸ್ಕಾರದ ಪತ್ರ ಬಂದು ಒಂದು ವರ್ಷ ಆಗುವುದರೊಳಗೆ 20-0995 ನಮೂನೆಯಲ್ಲಿ ಪೂರಕ ಅರ್ಜಿ ಹಾಕಿದೆ. ಹಾಗೆ ಮಾಡಿದರೆ ಪರಿಹಾರ ಲೆಕ್ಕ ಹಾಕುವ ಹಳೆಯ ದಿನಾಂಕ ಕೈತಪ್ಪುವುದಿಲ್ಲ.

ಇಲಾಖೆ ಕಳಿಸಿದ ತಪಾಸಣೆಯಲ್ಲಿ ವೈದ್ಯರು "ಹೇಗಿದ್ದೀರಿ?" ಎಂದಾಗ "ಪರವಾಗಿಲ್ಲ, ಚೆನ್ನಾಗಿದ್ದೀನಿ" ಅನ್ನುವುದು ನಮ್ಮವರ ಅಭ್ಯಾಸ. ನಾಲಿಗೆ ತುದಿಗೆ ಬಂದದ್ದನ್ನು ತಡೆದೆ. ಕಾರು ಓಡಿಸುವಾಗ ಎರಡು ಸಲ ಕಣ್ಣು ಮುಚ್ಚಿಹೋದದ್ದನ್ನು ಇದ್ದಹಾಗೆ ಹೇಳಿದೆ.

ನಾಲ್ಕು ತಿಂಗಳಿಗೆ ಉತ್ತರ ಬಂತು. ಶೇ. 50, ಮೊದಲ ಅರ್ಜಿಯ ದಿನದಿಂದಲೇ ಲೆಕ್ಕ.